ರೋಡ್ಸ್ ಪಕ್ಕದ ಸಿಮಿ ದ್ವೀಪ: ಅಮ್ಮನ ಜೊತೆ ನಾಲ್ಕು ದಿನ, ಏನೇನು ನೋಡಬಹುದು?

ತುಂಗೆತೀರ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಗೆ ನಾವು ಗ್ರೀಸ್‌ಗೆ ಹೊರಟಿದ್ದೇವೆ. ಅಥೆನ್ಸ್‌ನಲ್ಲಿ ಮೂರು ದಿನ, ರೋಡ್ಸ್‌ನಲ್ಲಿ ಮೂರು ದಿನ ಗಟ್ಟಿಯಾಗಿದೆ. ಆಮೇಲೆ ನಾಲ್ಕು ದಿನ ಉಳಿಯುತ್ತದೆ. ಕೇಳಿದವರೆಲ್ಲ ಸ್ಯಾಂಟೊರಿನಿ ಅನ್ನುತ್ತಾರೆ. ನನಗೆ ಆ ಜನಜಂಗುಳಿ ಬೇಡ. ಒಂದು ಚಿಕ್ಕ ದ್ವೀಪದಲ್ಲಿ ಓಡಾಟ ಇಲ್ಲದೆ ಸುಮ್ನೆ ಇರಬೇಕು ಅನ್ನಿಸುತ್ತಿದೆ. ನಕ್ಷೆ ನೋಡುವಾಗ ರೋಡ್ಸ್ ಪಕ್ಕದಲ್ಲೇ ಸಿಮಿ ಅಂತ ಒಂದು ಪುಟ್ಟ ದ್ವೀಪ ಕಂಡಿತು. ಕನ್ನಡದಲ್ಲಿ ಅದರ ಬಗ್ಗೆ ಏನೂ ಸಿಗಲಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಾವು ನಾಲ್ಕು ಜನ. ನಾನು, ನಮ್ಮನೆಯವರು, 12 ವರ್ಷದ ಮಗಳು, 68 ವರ್ಷದ ನಮ್ಮಮ್ಮ. ಅಮ್ಮನಿಗೆ ಮಂಡಿನೋವು. ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿ. ಮಗಳಿಗೆ ನೀರು ಕಂಡರೆ ಸಾಕು. ನಾಲ್ಕು ದಿನ ಅಲ್ಲಿ ಕಳೆಯುವಷ್ಟು ಇದೆಯಾ? ಅಮ್ಮನಿಗೆ ಕಷ್ಟ ಆಗುತ್ತಾ?

ಉಪ್ಪುನೀರು

ಅಕ್ಕ, ಕಣ್ಣು ಮುಚ್ಚಿಕೊಂಡು ಹೋಗಿ. ನಾನು ಹೊನ್ನಾವರದವನು, ಈಗ ಜರ್ಮನಿಯಲ್ಲಿ ಕೆಲಸ. ಸಿಮಿಗೆ ಮೂರು ಸಲ ಹೋಗಿದ್ದೇನೆ. ನಾಲ್ಕನೇ ಸಲಕ್ಕೂ ದುಡ್ಡು ಕೂಡಿಡುತ್ತಿದ್ದೇನೆ.

ದ್ವೀಪದ ವಿಸ್ತೀರ್ಣ 58 ಚದರ ಕಿಲೋಮೀಟರ್. ಜನ ಸುಮಾರು 2,600. ವಿಮಾನ ನಿಲ್ದಾಣ ಇಲ್ಲ, ಹಡಗಿನಲ್ಲೇ ಹೋಗಬೇಕು. ರೋಡ್ಸ್‌ನಿಂದ ವೇಗದ ಹಡಗಿಗೆ ಹೆಚ್ಚುಕಡಿಮೆ ಒಂದು ಗಂಟೆ. ರೋಡ್ಸ್ ಊರಲ್ಲಿ ಒಂದಕ್ಕಿಂತ ಜಾಸ್ತಿ ಬಂದರುಗಳಿವೆ. ಯಾವ ಬಂದರು ಅಂತ ಟಿಕೆಟ್ ನೋಡಿಕೊಂಡೇ ಹೊರಡಿ. ಸಾಮಾನು ಎಳೆದುಕೊಂಡು ಒಂದರಿಂದ ಇನ್ನೊಂದಕ್ಕೆ ಓಡುವುದು ಅಮ್ಮನಿಗೆ ಕಷ್ಟ.

ಹಡಗಿನಲ್ಲಿ ಒಳಗೆ ಕೂರಬೇಡಿ, ಕೊನೆಯ ಹತ್ತು ನಿಮಿಷವಾದರೂ ಹೊರಗೆ ಬನ್ನಿ. ಮೊದಲು ಬರೀ ಬೋಳುಗುಡ್ಡ ಕಾಣುತ್ತದೆ. ಕಂದು ಬಂಡೆ, ಅಲ್ಲೊಂದು ಇಲ್ಲೊಂದು ಪೊದೆ. ಇಲ್ಲಿ ಯಾರು ಇರುತ್ತಾರೆ ಅನ್ನಿಸುತ್ತದೆ. ಅಷ್ಟರಲ್ಲಿ ಹಡಗು ಒಂದು ತಿರುವು ತಗೊಳ್ಳುತ್ತದೆ. ಕೊಲ್ಲಿ ತೆರೆದುಕೊಳ್ಳುತ್ತದೆ. ನೀರಿನ ಅಂಚಿನಿಂದ ಗುಡ್ಡದ ತುದಿವರೆಗೆ ಮನೆಗಳು. ದಸರೆಗೆ ಮನೆಯಲ್ಲಿ ಬೊಂಬೆ ಕೂರಿಸುತ್ತೇವಲ್ಲ, ಮೆಟ್ಟಿಲು ಮೆಟ್ಟಿಲಾಗಿ, ಹಾಗೆ. ಅರಿಶಿನ, ಕೆಮ್ಮಣ್ಣು, ತಿಳಿನೀಲಿ, ಕೆನೆಬಣ್ಣ. ಪ್ರತಿ ಮನೆಯ ನೆತ್ತಿಯಲ್ಲೂ ತ್ರಿಕೋನದ ಮುಖ, ಅದರ ನಡುವೆ ಒಂದು ದುಂಡು ಕಿಂಡಿ. ಮೂರು ಸಲ ನೋಡಿದ್ದೇನೆ, ಮೂರು ಸಲವೂ ಮಾತು ನಿಂತಿದೆ.

ಕೆಳಗಿನ ಬಂದರು ಊರು ಯಾಲೊಸ್. ಮೇಲಿನ ಹಳೇ ಊರು ಹೊರಿಯೊ. ಗುಡ್ಡದ ಆ ಕಡೆ ಕೆಳಗೆ ಪೆದಿ ಅಂತ ಮೀನುಗಾರರ ಕೊಲ್ಲಿ. ಜನವಸತಿ ಅಂದರೆ ಮುಖ್ಯವಾಗಿ ಈ ಮೂರೇ. ಅಮ್ಮನ ಮಂಡಿ ನೋಡಿಕೊಂಡು ಯಾಲೊಸ್‌ನಲ್ಲೇ ನೀರಿನ ಮಟ್ಟದಲ್ಲಿ ಕೋಣೆ ಹಿಡಿಯಿರಿ. ‘ಸಮುದ್ರದ ನೋಟ’ ಅಂತ ಬರೆದ ಕೋಣೆಗೆ ಎಷ್ಟು ಮೆಟ್ಟಿಲು ಹತ್ತಬೇಕು ಅಂತ ಮೊದಲೇ ಬರೆದು ಕೇಳಿ. ಅಲ್ಲಿ ಬಹಳ ಮನೆಗಳಿಗೆ ಗಾಡಿ ರಸ್ತೆ ಇಲ್ಲ, ಮೆಟ್ಟಿಲೇ ಬೀದಿ.

ಮಧ್ಯಾಹ್ನದ_ಬಿಸಿಲು

ನಾನು ಸ್ವಲ್ಪ ಬೇರೆ ಅಭಿಪ್ರಾಯ ಹೇಳುತ್ತೇನೆ, ಬೇಸರ ಬೇಡ. ನಾವು ಜುಲೈನಲ್ಲಿ ರೋಡ್ಸ್‌ನಿಂದ ಒಂದು ದಿನದ ದೋಣಿ ಪ್ರವಾಸದಲ್ಲಿ ಸಿಮಿಗೆ ಹೋಗಿದ್ದೆವು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಬಿಸಿಲು ಅಂದರೆ ಬಿಸಿಲು. ಸುತ್ತ ಗುಡ್ಡ, ನಡುವೆ ಬಂದರು, ಬಾಣಲೆಯಲ್ಲಿ ನಿಂತ ಹಾಗೆ. ಮೂರು ಗಂಟೆ ಕೊಟ್ಟಿದ್ದರು. ಸ್ಪಂಜಿನ ಅಂಗಡಿ, ಊಟ, ಫೋಟೊ, ಮುಗಿಯಿತು. ನಾಲ್ಕು ದಿನ ಜಾಸ್ತಿ ಆಯ್ತೇನೋ ಅಂತ ನನಗೆ ಅನ್ನಿಸುತ್ತದೆ. ವಯಸ್ಸಾದವರ ಜೊತೆ ರೋಡ್ಸ್‌ನಲ್ಲೇ ಇದ್ದು ಒಂದು ದಿನ ಹೋಗಿ ಬರುವುದು ಸುಲಭ ಅಲ್ವಾ?

ಉಪ್ಪುನೀರು

ನೀವು ನೋಡಿದ ಹೊತ್ತೇ ಅದರ ಅತಿ ಕಷ್ಟದ ಹೊತ್ತು ಸರ್. ಪ್ರವಾಸದ ದೋಣಿಗಳು ಹತ್ತೂವರೆ ಹನ್ನೊಂದಕ್ಕೆ ಬರುತ್ತವೆ, ಮೂರು ನಾಲ್ಕಕ್ಕೆ ಹೋಗುತ್ತವೆ. ಅಷ್ಟರ ನಡುವೆ ಅಂಗಡಿಯವರೂ ಸುಸ್ತು, ಬಂದವರೂ ಸುಸ್ತು. ಕೊನೆಯ ದೋಣಿ ತಿರುವು ದಾಟಿದ ಮೇಲೆ ಊರು ಬೇರೆಯೇ ಆಗುತ್ತದೆ. ಅಜ್ಜಂದಿರು ಕುರ್ಚಿ ಹೊರಗೆ ಹಾಕುತ್ತಾರೆ. ಮಕ್ಕಳು ಚೌಕದಲ್ಲಿ ಚೆಂಡು ಒದೆಯುತ್ತಾರೆ. ಬೆಳಿಗ್ಗೆ ಏಳಕ್ಕೆ ಎದ್ದು ಬಂದರಿನ ಅಂಚಿನಲ್ಲಿ ನಡೆದರೆ ಮೀನುಗಾರರು ಹಳದಿ ಬಲೆ ಮಡಚುತ್ತಾ ಕೂತಿರುತ್ತಾರೆ, ಬೆಕ್ಕುಗಳು ಸಾಲಾಗಿ ಕಾಯುತ್ತಿರುತ್ತವೆ. ನಮ್ಮ ಹೊನ್ನಾವರದ ಬಂದರಿನ ಬೆಳಗು ನೆನಪಾಗುತ್ತದೆ ನನಗೆ.

ಜುಲೈ ಆಗಸ್ಟ್ ಸೆಕೆ ವಿಪರೀತ, ಅದು ನಿಜ. ಸೆಪ್ಟೆಂಬರ್ ಕೊನೆಗೆ ಬಿಸಿಲು ಇಳಿದಿರುತ್ತದೆ, ಸಮುದ್ರ ಮಾತ್ರ ಇನ್ನೂ ಬೆಚ್ಚಗಿರುತ್ತದೆ. ಈಜುವವರಿಗೆ ಇದಕ್ಕಿಂತ ಒಳ್ಳೇ ಕಾಲ ಇಲ್ಲ.

ಹಳೇನಕ್ಷೆ

ಸ್ಪಂಜಿನ ಅಂಗಡಿ ಅಂದಿರಲ್ಲ, ಅದರ ಹಿಂದಿನ ಕಥೆ ಗೊತ್ತಿದ್ದರೆ ಊರು ನೋಡುವ ಕಣ್ಣೇ ಬದಲಾಗುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಆ ಚಂದದ ಮನೆಗಳೆಲ್ಲ ಎಲ್ಲಿಂದ ಬಂದವು? ದ್ವೀಪದಲ್ಲಿ ನೀರಿಲ್ಲ, ಹೊಲ ಕಮ್ಮಿ. ಎರಡೇ ಕಸುಬು ಊರನ್ನು ಸಾಕಿದವು: ಮರದ ಹಡಗು ಕಟ್ಟುವುದು, ಸಮುದ್ರದ ತಳದಿಂದ ಮೈ ಉಜ್ಜುವ ಸ್ಪಂಜು ತೆಗೆಯುವುದು. 20ನೇ ಶತಮಾನದ ಶುರುವಿನಲ್ಲಿ ಅಲ್ಲಿ 20,000ಕ್ಕಿಂತ ಜಾಸ್ತಿ ಜನ ಇದ್ದರು. ಈಗಿನದಕ್ಕೆ ಹೋಲಿಸಿ ನೋಡಿ.

ಹಳೇ ಕಾಲದ ಮುಳುಗುಗಾರರು ಕೈಯಲ್ಲಿ ಒಂದು ಚಪ್ಪಟೆ ಕಲ್ಲು ಹಿಡಿದು ಹಾರುತ್ತಿದ್ದರು. ಸ್ಕಂದಲೋಪೆತ್ರ ಅಂತ ಅದರ ಹೆಸರು. ಸುಮಾರು ಹನ್ನೆರಡು ಕಿಲೋ ತೂಕ, ಅಂಚು ನುಣುಪು, ಹಗ್ಗ ಕಟ್ಟಲು ಒಂದು ತೂತು. ಕಲ್ಲಿನ ಭಾರ ಕೆಳಗೆ ಎಳೆಯುತ್ತದೆ, ಕಲ್ಲನ್ನು ಓರೆ ಮಾಡಿದರೆ ದಿಕ್ಕು ತಿರುಗುತ್ತದೆ. ತಳದಲ್ಲಿ ಸ್ಪಂಜು ಕಿತ್ತು ಬಲೆಚೀಲಕ್ಕೆ ತುಂಬಿ ಹಗ್ಗ ಜಗ್ಗಿದರೆ ಮೇಲಿನವನು ಸೇದುತ್ತಾನೆ. ಇದೆಲ್ಲ ಒಂದೇ ಉಸಿರಿನಲ್ಲಿ. ಸ್ತಾತಿಸ್ ಹಾಜಿಸ್ ಅನ್ನುವ ಸಿಮಿಯವನು 1913ರಲ್ಲಿ ಕಾರ್ಪಥೊಸ್ ದ್ವೀಪದ ಹತ್ತಿರ, ಇಟಲಿಯ ಯುದ್ಧನೌಕೆ ರೆಜಿನಾ ಮಾರ್ಗರಿಟಾದ ಕಳೆದುಹೋದ ಲಂಗರನ್ನು ಹೀಗೇ ಮುಳುಗಿ ಹುಡುಕಿಕೊಟ್ಟ. 70 ಮೀಟರ್‌ಗಿಂತ ಆಳ. ನೋಡಲು ಸಣಕಲು ಮನುಷ್ಯ, ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ.

1860ರ ದಶಕದಲ್ಲಿ ತಾಮ್ರದ ಶಿರಸ್ತ್ರಾಣದ ಮುಳುಗು ಉಡುಪು ಬಂತು. ಅದನ್ನು ಸ್ಕಫಾಂದ್ರೊ ಅನ್ನುತ್ತಾರೆ. ಮೇಲಿನಿಂದ ಪಂಪಿನಲ್ಲಿ ಗಾಳಿ ಬರುತ್ತದೆ, ತಳದಲ್ಲಿ ಎಷ್ಟು ಹೊತ್ತಾದರೂ ಇರಬಹುದು. ಸ್ಪಂಜು ರಾಶಿ ರಾಶಿ ಬಂತು, ದುಡ್ಡು ಬಂತು, ಆ ಮನೆಗಳು ಎದ್ದವು. ಆದರೆ ಮೇಲೆ ಬರುವಾಗ ಏನಾಗುತ್ತದೆ ಅಂತ ಆಗ ಮುಳುಗುಗಾರರಿಗೆ ಯಾರೂ ಹೇಳಿರಲಿಲ್ಲ. ಮೇಲೆ ಬಂದು ಉಡುಪು ಬಿಚ್ಚಿದವರು ಅಲ್ಲೇ ಕುಸಿಯುತ್ತಿದ್ದರು. ಕಾಲು ಸ್ವಾಧೀನ ತಪ್ಪಿದವರು, ಸತ್ತವರು ಎಷ್ಟೋ ಜನ.

ಉಪ್ಪುನೀರು

ಇದನ್ನು ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುರ್ಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ನಾನು ಸ್ಕೂಬಾ ಮಾಡಿದ್ದೆ. ನೀರಿಗೆ ಇಳಿಯುವ ಮೊದಲು ಹೇಳಿಕೊಟ್ಟವರು ಒಂದೇ ಮಾತನ್ನು ಹತ್ತು ಸಲ ಹೇಳಿದರು: ನಿಧಾನ ಮೇಲೆ ಬಾ. ಆಳದಲ್ಲಿ ಒತ್ತಡ ಜಾಸ್ತಿ, ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ ಕರಗುತ್ತದೆ. ಗಬಕ್ಕನೆ ಮೇಲೆ ಬಂದರೆ ಸೋಡಾ ಬಾಟಲಿ ತೆರೆದ ಹಾಗೆ ಗುಳ್ಳೆ ಏಳುತ್ತದೆ. ಕೀಲಿನಲ್ಲಿ, ಬೆನ್ನುಹುರಿಯಲ್ಲಿ. ಸಿಮಿಯವರು ಇದನ್ನು ಮೈಮೇಲೆ ಎಳೆದುಕೊಂಡು ಕಲಿತರು. ಆ ಮನೆಗಳ ಬಣ್ಣ ನೋಡುವಾಗ ನನಗೆ ಪ್ರತಿಸಲವೂ ಇದು ನೆನಪಾಗುತ್ತದೆ.

ಹಳೇನಕ್ಷೆ

ಸರಿಯಾಗಿ ಹೇಳಿದಿರಿ. ಇನ್ನೊಂದು ಸೇರಿಸುತ್ತೇನೆ, ತುಂಗೆತೀರ ಅವರು ಅಥೆನ್ಸ್‌ಗೂ ಹೋಗುತ್ತಿದ್ದಾರಲ್ಲ, ಅದಕ್ಕೆ.

1900ರಲ್ಲಿ ಸಿಮಿಯ ಕ್ಯಾಪ್ಟನ್ ದಿಮಿತ್ರಿಯೊಸ್ ಕೊಂಡೊಸ್‌ನ ಸ್ಪಂಜು ದೋಣಿ ಬಿರುಗಾಳಿಗೆ ಸಿಕ್ಕಿ ಆಂಟಿಕಿಥೆರಾ ದ್ವೀಪದ ಮರೆಯಲ್ಲಿ ನಿಂತಿತು. ಕಾಯುವ ಹೊತ್ತಿಗೆ ಸ್ಪಂಜು ಇದೆಯಾ ನೋಡೋಣ ಅಂತ ಎಲಿಯಾಸ್ ಸ್ತಾದಿಯಾತಿಸ್ ಇಳಿದ. ಹೆದರಿ ಮೇಲೆ ಬಂದ. ಕೆಳಗೆ ಹೆಣಗಳ ರಾಶಿ ಇದೆ ಅಂದ. ಹೆಣಗಳಲ್ಲ, ಸುಮಾರು 2,000 ವರ್ಷ ಹಿಂದೆ ಮುಳುಗಿದ ಹಡಗಿನ ಕಂಚಿನ, ಅಮೃತಶಿಲೆಯ ಶಿಲ್ಪಗಳು. ಸುಮಾರು 45 ಮೀಟರ್ ಆಳದಿಂದ ಅವನ್ನು ಎತ್ತಿದವರೂ ಇದೇ ಸ್ಪಂಜಿನವರು. ಒಬ್ಬ ಸತ್ತ, ಇಬ್ಬರಿಗೆ ಲಕ್ವ ಹೊಡೆಯಿತು. ಹಾಗೆ ಮೇಲೆ ಬಂದ ತುಕ್ಕು ಹಿಡಿದ ಒಂದು ಮುದ್ದೆಯಲ್ಲಿ ಹಲ್ಲುಚಕ್ರ ಇರುವುದು 1902ರಲ್ಲಿ ಕಣ್ಣಿಗೆ ಬಿತ್ತು. ಅದೇ ಆಂಟಿಕಿಥೆರಾ ಯಂತ್ರ. ಸೂರ್ಯಚಂದ್ರರ ಚಲನೆ, ಗ್ರಹಣ ಲೆಕ್ಕ ಹಾಕುತ್ತಿದ್ದ ಯಂತ್ರ. ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿದೆ. ಮಗಳಿಗೆ ಮೊದಲು ಅದನ್ನು ತೋರಿಸಿ, ಆಮೇಲೆ ಸಿಮಿಗೆ ಕರೆದುಕೊಂಡು ಹೋಗಿ. ಎಲ್ಲ ಕೂಡಿಕೊಳ್ಳುತ್ತದೆ.

ಅಡುಗೆಮನೆ_ಮೂಲೆ

ಊಟದ ವಿಷಯ ಯಾರೂ ಎತ್ತಲಿಲ್ಲ! ಅಮ್ಮನಿಗೆ ಏನೂ ತೊಂದರೆ ಆಗಲ್ಲ, ಆದರೆ ಎರಡು ಪದ ಕಲಿತು ಹೋಗಿ.

ಒಂದು, ಲಾದೆರಾ. ಎಣ್ಣೆಯಲ್ಲಿ ಬೇಯಿಸಿದ ತರಕಾರಿ ಅಡುಗೆಗಳು. ಬದನೆ, ಬೆಂಡೆ, ಬೀನ್ಸ್, ಆಲೂಗಡ್ಡೆ, ಟೊಮೆಟೊ. ಬ್ರಿಯಾಮ್ ಅಂತ ಒಂದು ಬರುತ್ತದೆ, ಅದು ಎಲ್ಲ ತರಕಾರಿ ಹಾಕಿ ಒಲೆಯಲ್ಲಿಟ್ಟಿದ್ದು. ಎರಡು, ನಿಸ್ತಿಸಿಮೊ. ಉಪವಾಸದ ಊಟ. ಅಲ್ಲಿಯ ಚರ್ಚಿನ ಉಪವಾಸದಲ್ಲಿ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಆದರೆ ಹುಷಾರು, ಸಿಗಡಿ, ಕಪ್ಪೆಚಿಪ್ಪು, ಆಕ್ಟೋಪಸ್ ಉಪವಾಸಕ್ಕೆ ನಡೆಯುತ್ತದೆ. ಹಾಗಾಗಿ ನಿಸ್ತಿಸಿಮೊ ಅಂದರೆ ಪೂರ್ತಿ ಸಸ್ಯಾಹಾರ ಅಂತ ನಂಬಬೇಡಿ, ಇನ್ನೊಂದು ಸಲ ಕೇಳಿ.

ಗೆಮಿಸ್ತಾ ಅಂದರೆ ಟೊಮೆಟೊ, ದಪ್ಪ ಮೆಣಸಿನಕಾಯಿಗೆ ಅನ್ನ ತುಂಬಿದ್ದು. ಖೀಮಾ ಹಾಕಿದ್ದೂ ಇರುತ್ತದೆ, ಹಾಕದಿದ್ದೂ ಇರುತ್ತದೆ. ಗಿಗಾಂತೆಸ್ ಅಂದರೆ ದಪ್ಪ ಬಿಳಿ ಕಾಳು, ಟೊಮೆಟೊ ರಸದಲ್ಲಿ. ಹೋರ್ತಾ ಅಂದರೆ ಬೇಯಿಸಿದ ಸೊಪ್ಪು, ಮೇಲೆ ನಿಂಬೆ, ಎಣ್ಣೆ. ಪಿತರೂದಿಯಾ ಸಿಕ್ಕರೆ ಬಿಡಬೇಡಿ. ರೋಡ್ಸ್ ಕಡೆಯ ತಿಂಡಿ. ಕಡಲೆ ಅರೆದು ಈರುಳ್ಳಿ, ಟೊಮೆಟೊ, ಪುದೀನ ಹಾಕಿ ಕರಿಯುವುದು. ಆಂಬೊಡೆಯ ತಂಗಿ ಅನ್ನಬಹುದು. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅಂತ ಕೇಳಿ.

ಫೆಟಾ ಚೀಸ್ ಬಗ್ಗೆ ಒಂದು ಮಾತು. ಸಾಂಪ್ರದಾಯಿಕ ಫೆಟಾಕ್ಕೆ ಹಾಲು ಹೆಪ್ಪುಗಟ್ಟಿಸಲು ಕುರಿಮರಿ, ಆಡಿನಮರಿ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅಮ್ಮ ಅಷ್ಟು ಕಟ್ಟುನಿಟ್ಟು ಅಂದರೆ ಮೊಸರು ತಗೊಳ್ಳಿ. ಅಲ್ಲಿಯ ಮೊಸರು ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ. ಜೇನು ಹಾಕಿ ಕೊಡುತ್ತಾರೆ. ನಮ್ಮತ್ತೆ ದಿನಾ ರಾತ್ರಿ ಅದನ್ನೇ ತಿಂದರು.

ಮಾಂಸಾಹಾರಿಗಳಿಗೆ: ಸಿಮಿ ಸಿಗಡಿ. ಬೆರಳಿನ ತುದಿಯಷ್ಟು ಚಿಕ್ಕದು. ಸಿಪ್ಪೆ ಸುಲಿಯದೆ ಹಾಗೇ ಕರಿದು ಕೊಡುತ್ತಾರೆ, ಹಾಗೇ ಅಗಿಯಬೇಕು.

ಚಾರಣ_ಚಪ್ಪಲಿ

ನಡೆಯುವವರಿಗೆ ನಾನು ಬರೆಯುತ್ತೇನೆ.

ಯಾಲೊಸ್‌ನಿಂದ ಹೊರಿಯೊಗೆ ಹೋಗುವ ಹಳೇ ಮೆಟ್ಟಿಲುದಾರಿ ಕಲಿ ಸ್ಟ್ರಾಟ. ಹೆಸರಿನ ಅರ್ಥವೇ ಒಳ್ಳೇ ಬೀದಿ. ಮೆಟ್ಟಿಲು ಎಷ್ಟು ಅಂದರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಕೊಡುತ್ತಾರೆ, 500ರ ಆಸುಪಾಸು ಅಂದುಕೊಳ್ಳಿ. ಎರಡೂ ಕಡೆ ವ್ಯಾಪಾರಿಗಳ ದೊಡ್ಡ ಮನೆಗಳು. ಒಂದಕ್ಕೆ ಹೊಸ ಬಣ್ಣ, ಪಕ್ಕದ್ದಕ್ಕೆ ಛಾವಣಿಯೇ ಇಲ್ಲ, ಒಳಗೆ ಅಂಜೂರದ ಗಿಡ ಬೆಳೆದಿದೆ. ಸ್ಪಂಜಿನ ವ್ಯಾಪಾರ ಬಿದ್ದಾಗ ಜನ ಗುಳೆ ಹೋದರು. ಅಮೆರಿಕದ ಫ್ಲಾರಿಡಾದಲ್ಲಿ ಟಾರ್ಪನ್ ಸ್ಪ್ರಿಂಗ್ಸ್ ಅಂತ ಊರಿದೆ, ಇಲ್ಲಿಯ ಮತ್ತು ಅಕ್ಕಪಕ್ಕದ ದ್ವೀಪಗಳ ಮುಳುಗುಗಾರರು ಅಲ್ಲಿಗೂ ಹೋಗಿ ಸ್ಪಂಜಿನ ಕಸುಬನ್ನೇ ಮಾಡಿದರು.

ಮೆಟ್ಟಿಲ ಕಲ್ಲು ಸವೆದು ಜಾರುತ್ತದೆ. ಒಳ್ಳೇ ಚಪ್ಪಲಿ ಬೇಕು. ಸಂಜೆ ಐದರ ನಂತರ ಹತ್ತಿ. ಮೇಲೆ ಕೋಟೆಯ ಹತ್ತಿರ ಹೋದರೆ ಒಂದು ಕಡೆ ಯಾಲೊಸ್, ಇನ್ನೊಂದು ಕಡೆ ಪೆದಿ ಕೊಲ್ಲಿ ಕಾಣುತ್ತದೆ. ಸೇಂಟ್ ಜಾನ್ ನೈಟ್‌ಗಳ, ಅಂದರೆ ಹಿಂದೆ ಈ ದ್ವೀಪಗಳನ್ನು ಆಳಿದ ಕ್ರೈಸ್ತ ಯೋಧರ, ಕೋಟೆ ಅದು. ಸಾಲಿನಲ್ಲಿ ಹಳೇ ಗಾಳಿಗಿರಣಿಗಳೂ ಇವೆ.

ಅಮ್ಮನಿಗೆ: ಬಸ್ಸಿನಲ್ಲಿ ಹತ್ತಲಿ, ಬಸ್ಸಿನಲ್ಲೇ ಇಳಿಯಲಿ. ಇಳಿಯುವುದು ಸುಲಭ ಅಂದುಕೊಂಡು ಮೆಟ್ಟಿಲಲ್ಲಿ ಇಳಿಸಬೇಡಿ, ಮಂಡಿಗೆ ಇಳಿಜಾರೇ ಶತ್ರು. ಯಾಲೊಸ್, ಹೊರಿಯೊ, ಪೆದಿ ನಡುವೆ ಪುಟ್ಟ ಬಸ್ಸು ಓಡಾಡುತ್ತದೆ. ಟ್ಯಾಕ್ಸಿ ಬೆರಳೆಣಿಕೆಯಷ್ಟು.

ಬೆಳಗಿನ ನಡಿಗೆಗೆ ನಿಂಬೊರಿಯೊ ಕಡೆ ಹೋಗಿ. ಬಂದರಿನಿಂದ ಹಡಗು ಕಟ್ಟುವ ಹರಾನಿ ಕೇರಿ ದಾಟಿ ಕಡಲ ಅಂಚಿನಲ್ಲೇ ರಸ್ತೆ. ಮುಕ್ಕಾಲು ಗಂಟೆ ಸಾಕು. ಅಲ್ಲಿ ಬೈಜಾಂಟೈನ್ ಕಾಲದ ಚರ್ಚಿನ ಬಣ್ಣಗಲ್ಲಿನ ನೆಲದ ತುಂಡುಗಳಿವೆ. ಹತ್ತಿರವೇ ಹನ್ನೆರಡು ಗುಹೆ ಅಂತ ಕರೆಯುವ ನೆಲದಡಿಯ ಕೋಣೆಗಳು.

ತುಂಗೆತೀರ

ಅಬ್ಬಾ, ಇಷ್ಟೊಂದು! ಎಲ್ಲರಿಗೂ ಧನ್ಯವಾದ. ಮಗಳು ಪಕ್ಕದಲ್ಲಿ ಕೂತು ಓದುತ್ತಿದ್ದಾಳೆ. ಈಜುವುದಕ್ಕೆ ಎಲ್ಲಿ ಅಂತ ಕೇಳುತ್ತಿದ್ದಾಳೆ. ಅಮ್ಮನಿಗೆ ದೇವಸ್ಥಾನದಂಥ ಜಾಗ ಏನಾದರೂ ಇದ್ದರೆ ಹೇಳಿ. ಯಾವ ದೇವರಾದರೂ ಸರಿ, ಅವರಿಗೆ ಒಂದು ಗಳಿಗೆ ಕೂತು ಬರಬೇಕು.

ಉಪ್ಪುನೀರು

ಈಜು ಮೊದಲು. ಮರಳಿನ ಬೀಚು ನಿರೀಕ್ಷಿಸಬೇಡಿ. ಹೆಚ್ಚಿನವು ಬೆಣಚುಕಲ್ಲು. ಮಗಳಿಗೆ ನೀರಿನ ಶೂ ಕೊಳ್ಳಿ, ಬಂಡೆಯ ಮೇಲೆ ಮುಳ್ಳಿನ ಕಡಲಚೆಂಡುಗಳು ಇರುತ್ತವೆ. ಆದರೆ ನೀರು ಗಾಜಿನಂತೆ ತಿಳಿ. ದೋಣಿಯ ನೆರಳು ತಳದಲ್ಲಿ ಬಿದ್ದದ್ದು ಕಾಣುತ್ತದೆ. ನೀರಿನ ಕನ್ನಡಕ ಮರೆಯಬೇಡಿ.

ಬೆಳಿಗ್ಗೆ ಯಾಲೊಸ್ ಬಂದರಿನಿಂದ ಚಿಕ್ಕ ದೋಣಿಗಳು ಬೇರೆ ಬೇರೆ ಬೀಚಿಗೆ ಹೊರಡುತ್ತವೆ. ಯಾವುದು ಎಲ್ಲಿಗೆ, ಎಷ್ಟಕ್ಕೆ ವಾಪಸ್ ಅಂತ ಹಲಗೆ ಇಟ್ಟಿರುತ್ತಾರೆ. ನನಗೆ ಅತಿ ಇಷ್ಟ ಅಗಿಯೊಸ್ ಯೋರ್ಗೊಸ್ ದಿಸಾಲೊನಾಸ್. ಸುಮಾರು 300 ಮೀಟರ್ ಎತ್ತರದ ಬಂಡೆಗೋಡೆ ನೇರ ನೀರಿಗೆ ಇಳಿದಿದೆ. ಬುಡದಲ್ಲಿ ಚಿಕ್ಕ ತೀರ. ದಾರಿ ಇಲ್ಲ, ದೋಣಿಯಲ್ಲೇ ಹೋಗಬೇಕು. ಮಧ್ಯಾಹ್ನದ ಮೇಲೆ ಗೋಡೆಯ ನೆರಳು ಬೀಳುತ್ತದೆ. ನೀರಿನಲ್ಲಿ ಅಂಗಾತ ತೇಲುತ್ತಾ ಆ ಗೋಡೆ ನೋಡಿದ್ದು ನನ್ನ ಜೀವಮಾನದಲ್ಲಿ ಮರೆಯಲ್ಲ. ಅಲ್ಲಿ ಹೋಟೆಲು, ಅಂಗಡಿ ಏನೂ ಇಲ್ಲ. ನೀರು, ತಿಂಡಿ ಕಟ್ಟಿಕೊಂಡು ಹೋಗಿ. ‘ನಾನೂ’ ಅನ್ನುವ ಬೀಚು ಅಥವಾ ಮರಥೂಂದಾ ಬೀಚಿನ ಕಡೆಗಾದರೆ ಊಟದ ಜಾಗ ಇದೆ. ಮರಥೂಂದಾದಲ್ಲಿ ಆಡುಗಳು ತೀರದಲ್ಲೇ ಓಡಾಡುತ್ತವೆ, ಚೀಲ ನೆಲದ ಮೇಲೆ ಬಿಡಬೇಡಿ. ಅಮ್ಮನಿಗೆ ಪೆದಿಯೇ ಸರಿ. ಸಮತಟ್ಟು, ನೆರಳು, ಬಸ್ಸು ಹತ್ತಿರ.

ಇನ್ನು ದೇವರು. ದ್ವೀಪದ ತೆಂಕಣ ತುದಿಯಲ್ಲಿ ಪನೊರ್ಮಿತಿಸ್ ಮಠ ಇದೆ. ಪ್ರಧಾನ ದೇವದೂತ ಮೈಕೇಲನದು. ಇಡೀ ದ್ವೀಪದ ಕಾವಲುಗಾರ, ಕಡಲಿಗೆ ಹೋಗುವವರ ರಕ್ಷಕ. ಗುಡ್ಡದ ಮೇಲಿಂದ ಸೈಪ್ರೆಸ್ ಮರಗಳ ನಡುವೆ ಬಸ್ಸು ಇಳಿಯುತ್ತದೆ, ಕೆಳಗೆ ದುಂಡು ಕೊಲ್ಲಿ, ಅದರ ಅಂಚಿಗೆ ಉದ್ದಕ್ಕೆ ಬಿಳಿ ಕಟ್ಟಡ, ನಡುವೆ ಎತ್ತರದ ಗಂಟೆಗೋಪುರ. ಒಳಗೆ ಆಳೆತ್ತರದ ಚಿತ್ರಕ್ಕೆ ಬೆಳ್ಳಿಯ ಕವಚ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಅಮ್ಮ ಸೀರೆಯಲ್ಲಿ ಹೋದರೆ ಚಿಂತೆಯೇ ಇಲ್ಲ.

ಕಾರ್ಕಳದವಳು

ಪನೊರ್ಮಿತಿಸ್ ಹೆಸರು ಓದಿ ಬರೆಯದೆ ಇರಲಾಗಲಿಲ್ಲ. ನಾನು ಎರಡು ವರ್ಷದ ಹಿಂದೆ ಹೋಗಿದ್ದೆ. ಚಿತ್ರದ ಸುತ್ತ ಬೆಳ್ಳಿಯ ಚಿಕ್ಕ ತಗಡುಗಳು ತೂಗಾಡುತ್ತವೆ. ಕಣ್ಣು, ಕೈ, ಕಾಲು, ಮಗು, ಹಡಗು. ತಾಮಾ ಅನ್ನುತ್ತಾರೆ, ಹರಕೆ ಅಂತಲೇ ಅರ್ಥ. ನಮ್ಮೂರಿನ ಅತ್ತೂರು ಇಗರ್ಜಿಯಲ್ಲಿ ಮೇಣದ ಕೈ, ಕಾಲು, ಮಗುವಿನ ಗೊಂಬೆ ಒಪ್ಪಿಸುವುದನ್ನು ನೋಡುತ್ತಾ ಬೆಳೆದವಳು ನಾನು. ನಮ್ಮಲ್ಲಿ ದೇವಸ್ಥಾನಗಳಲ್ಲೂ ಬೆಳ್ಳಿ ಕಣ್ಣು ಒಪ್ಪಿಸುತ್ತೇವಲ್ಲ. ಅಷ್ಟು ದೂರ ಹೋಗಿ ಅದನ್ನೇ ಕಂಡಾಗ ಕಣ್ಣು ತುಂಬಿ ಬಂತು.

ಬಾಟಲಿ ಹರಕೆಯೂ ಇದೆ. ದೂರದ ಕಡಲಿನಲ್ಲಿ ಇರುವವರು ಚೀಟಿ, ಕಾಣಿಕೆ ಬಾಟಲಿಗೆ ಹಾಕಿ ನೀರಿಗೆ ಬಿಡುತ್ತಾರೆ. ಅದು ತೇಲಿಕೊಂಡು ಈ ಕೊಲ್ಲಿಗೇ ಬಂದು ಸೇರುತ್ತದೆ ಅಂತ ನಂಬಿಕೆ. ಹಾಗೆ ಬಂದವನ್ನು ಮಠದ ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಪೊರಕೆ ಒಪ್ಪಿಸುವ ಪದ್ಧತಿಯೂ ಇದೆ. ಮೈಕೇಲ ರಾತ್ರಿ ತನ್ನ ಅಂಗಳ ತಾನೇ ಗುಡಿಸುತ್ತಾನೆ ಅಂತ ಅಲ್ಲಿಯವರು ಹೇಳುತ್ತಾರೆ. ನವೆಂಬರ್ 8ಕ್ಕೆ ಅಲ್ಲಿ ದೊಡ್ಡ ಜಾತ್ರೆ.

ಅಂಗಳದಲ್ಲಿ ಒಂದು ನೆನಪಿನ ಗುರುತಿದೆ, ನಿಂತು ನೋಡಿ. 1944ರ ಫೆಬ್ರುವರಿಯಲ್ಲಿ ಜರ್ಮನರು ಇಲ್ಲಿಯ ಮಠಾಧಿಪತಿಯನ್ನೂ ಜೊತೆಗೆ ಇಬ್ಬರನ್ನೂ ಗುಂಡಿಟ್ಟು ಕೊಂದರು. ಬ್ರಿಟಿಷರಿಗೆ ಗುಟ್ಟಾಗಿ ಸಹಾಯ ಮಾಡಿದ್ದಕ್ಕೆ.

ಹಳೇನಕ್ಷೆ

ಅದರ ಮುಂದಿನ ಭಾಗ ಯಾಲೊಸ್‌ನಲ್ಲೇ ಇದೆ. ಬಂದರಿನ ಅಂಚಿನ ಒಂದು ಮನೆಯಲ್ಲಿ 1945ರ ಮೇ 8ರಂದು ಜರ್ಮನ್ ಜನರಲ್ ಇಡೀ ದೊದೆಕನೀಸ್ ದ್ವೀಪಗಳನ್ನು (ಸಿಮಿ, ರೋಡ್ಸ್ ಸೇರಿದ ದ್ವೀಪಗುಂಪು) ಬಿಟ್ಟುಕೊಡುವ ಶರಣಾಗತಿಗೆ ಸಹಿ ಹಾಕಿದ. ಗೋಡೆಗೆ ಫಲಕ ಇದೆ. ಎಷ್ಟೋ ಜನ ಅದರ ಕೆಳಗೇ ನಡೆದು ಹೋಗುತ್ತಾರೆ, ನೋಡುವುದಿಲ್ಲ. ಈ ದ್ವೀಪಗಳು 1522ರಿಂದ ತುರ್ಕರ ಕೈಯಲ್ಲಿ, 1912ರಿಂದ ಇಟಲಿಯ ಕೈಯಲ್ಲಿ ಇದ್ದವು, ಎರಡನೇ ಮಹಾಯುದ್ಧದ ಕೊನೆಗೆ ಜರ್ಮನರ ಕೈಗೆ ಬಂದಿದ್ದವು. ಗ್ರೀಸ್‌ಗೆ ಸಿಕ್ಕಿದ್ದು 1947ರಲ್ಲಿ. ನಮಗೆ ಸ್ವಾತಂತ್ರ್ಯ ಬಂದ ವರ್ಷವೇ.

ಮಧ್ಯಾಹ್ನದ_ಬಿಸಿಲು

ಓದಿದ ಮೇಲೆ ನನ್ನ ಮಾತು ವಾಪಸ್ ತಗೊಳ್ಳುತ್ತೇನೆ. ನಾವು ಬಂದರಿನಿಂದ ಇನ್ನೂರು ಹೆಜ್ಜೆ ಆಚೆ ಹೋಗಿರಲಿಲ್ಲ. ಆದರೂ ನನ್ನಿಂದ ಎರಡು ಉಪಯೋಗದ ಮಾತು. ಫೋನಿನ ಅಂತರರಾಷ್ಟ್ರೀಯ ಪ್ಯಾಕ್ ಗ್ರೀಸ್‌ಗೆ ಮಾತ್ರ ಹಾಕಿಸಿದ್ದೆ. ಸಿಮಿಯ ಎದುರಿಗೇ ಟರ್ಕಿ ಕಾಣುತ್ತದೆ. ಫೋನು ತಾನಾಗೇ ಅಲ್ಲಿಯ ಟವರ್ ಹಿಡಿದುಬಿಟ್ಟಿತು. ಬಿಲ್ ನೋಡಿ ಎದೆ ಧಸಕ್ ಅಂದಿತು. ನೆಟ್‌ವರ್ಕ್ ಅನ್ನು ಸೆಟ್ಟಿಂಗ್‌ನಲ್ಲಿ ಕೈಯಿಂದಲೇ ಆರಿಸಿಡಿ.

ಎರಡನೆಯದು, ವಾಪಸ್ ವಿಮಾನದ ದಿನವೇ ಸಿಮಿಯಿಂದ ಹೊರಡಬೇಡಿ. ಗಾಳಿ ಜೋರಾದರೆ ಹಡಗು ನಿಲ್ಲಿಸುತ್ತಾರೆ. ಒಂದು ರಾತ್ರಿ ರೋಡ್ಸ್‌ಗೆ ಇಟ್ಟುಕೊಳ್ಳಿ.

ಚಾರಣ_ಚಪ್ಪಲಿ

ಒಳ್ಳೇ ಸಲಹೆ. ಕುಡಿಯಲು ಬಾಟಲಿ ನೀರೇ ತಗೊಳ್ಳಿ. ದ್ವೀಪದಲ್ಲಿ ನೀರಿನ ಬರ ಮೊದಲಿಂದಲೂ ಇದೆ. ಹಳೇ ಮನೆಗಳಲ್ಲಿ ಅಂಗಳದ ಕೆಳಗೆ ಮಳೆನೀರಿನ ತೊಟ್ಟಿ ಇರುತ್ತಿತ್ತು. ಆ ಅಂಗಳಕ್ಕೆ ಕಪ್ಪು ಬಿಳಿ ಬೆಣಚುಕಲ್ಲು ನಿಲ್ಲಿಸಿ ರಂಗೋಲಿಯಂಥ ಚಿತ್ರ ಮಾಡಿರುತ್ತಾರೆ. ಚರ್ಚುಗಳ ಅಂಗಳದಲ್ಲೂ ಇದೆ, ಬಗ್ಗಿ ನೋಡಿ.

ತುಂಗೆತೀರ

(ಎರಡು ತಿಂಗಳ ನಂತರ)

ಹೋಗಿ ಬಂದೆವು! ಮೊದಲೇ ಬರೆಯಬೇಕಿತ್ತು, ದೀಪಾವಳಿ ಗಡಿಬಿಡಿಯಲ್ಲಿ ತಡವಾಯಿತು.

ಹಡಗು ತಿರುವು ತಗೊಂಡಾಗ ನಾಲ್ಕೂ ಜನ ಹೊರಗೆ ನಿಂತಿದ್ದೆವು. ಅಮ್ಮ ಬಾಯಿಬಿಟ್ಟು ಹೇಳಿದ್ದು ಒಂದೇ ಮಾತು, “ನೋಡೇ, ಬೊಂಬೆಮನೆ.” ನಾನು ಅವರಿಗೆ ಉಪ್ಪುನೀರು ಅವರ ಬರಹ ಓದಿ ಹೇಳಿರಲೇ ಇಲ್ಲ.

ಮಗಳಿಗೆ ಸ್ಪಂಜಿನ ಅಂಗಡಿಯಲ್ಲಿ ಕಳೆದ ಹೊತ್ತೇ ಅತಿ ಇಷ್ಟ ಆಯ್ತು. ಅಂಗಡಿಯ ಹಿರಿಯರು ಮೊದಲು ಒಂದು ಕಪ್ಪು ಮುದ್ದೆ ತೋರಿಸಿದರು. ಹಳೇ ಚಕ್ಕಳದ ಹಾಗೆ ಇತ್ತು. ಕಡಲಿನಿಂದ ಬಂದಾಗ ಸ್ಪಂಜು ಹೀಗೇ ಇರುತ್ತದೆ, ತುಳಿದು, ಹಿಂಡಿ, ಕಡಲ ನೀರಿನಲ್ಲಿ ಮತ್ತೆ ಮತ್ತೆ ತೊಳೆದ ಮೇಲೆ ಒಳಗಿನ ಜೇನುಬಣ್ಣದ ಎಲುಬುಗೂಡು ಉಳಿಯುತ್ತದೆ ಅಂತ ಹೇಳಿದರು. ಆಮೇಲೆ ಒಣಗಿ ಕಲ್ಲಿನಂತಾಗಿದ್ದ ಒಂದನ್ನು ಮಗಳ ಕೈಗೆ ಕೊಟ್ಟು ನೀರಿನ ಬೋಗುಣಿ ಮುಂದಿಟ್ಟರು. ಅದ್ದಿದ ಕೂಡಲೇ ಅದು ಅವಳ ಅಂಗೈಯಲ್ಲಿ ಉಬ್ಬುತ್ತಾ ಹೋಯಿತು. ಹಿಂಡಿದರೆ ಬೋಗುಣಿಯ ಅರ್ಧ ನೀರು ಅದರೊಳಗೇ ಇತ್ತು. ಹಳದಿ ಜಾಸ್ತಿ ಇರುವುದು ಬ್ಲೀಚ್ ಮಾಡಿದ್ದು, ಕಂದು ಇರುವುದೇ ಜಾಸ್ತಿ ಬಾಳಿಕೆ ಬರುತ್ತದೆ ಅಂತಲೂ ಹೇಳಿದರು. ಕಂದನ್ನೇ ತಗೊಂಡೆವು.

ಅಮ್ಮ ತನಗೊಂದು ಕೊಳ್ಳಲು ಹೊರಟಿದ್ದರು. ಅಷ್ಟರಲ್ಲಿ ಮಗಳು, “ಅಜ್ಜಿ, ಸ್ಪಂಜು ಗಿಡ ಅಲ್ಲ, ಪ್ರಾಣಿ” ಅಂದಳು. ಅಮ್ಮ ಕೈಯಲ್ಲಿದ್ದದ್ದನ್ನು ಮೆಲ್ಲಗೆ ಬುಟ್ಟಿಗೆ ವಾಪಸ್ ಇಟ್ಟರು. ಮಿದುಳು ಇಲ್ಲ, ನೋವು ಗೊತ್ತಾಗಲ್ಲ ಅಂತ ಮಗಳು ಎಷ್ಟು ಹೇಳಿದರೂ ಕೇಳಲಿಲ್ಲ. ಆ ದುಡ್ಡಿನಲ್ಲಿ ಅಮ್ಮ ಪಕ್ಕದ ದಿನಸಿ ಅಂಗಡಿಯಲ್ಲಿ ಒಂದು ಪೊರಕೆ ಕೊಂಡರು. ಕಾರ್ಕಳದವಳು ಅವರು ಬರೆದಿದ್ದನ್ನು ನಾನು ಓದಿ ಹೇಳಿದ್ದು ಅವರ ತಲೆಯಲ್ಲಿ ಇತ್ತು.

ಪನೊರ್ಮಿತಿಸ್‌ಗೆ ಹೋಗುವ ಬಸ್ಸಿನಲ್ಲಿ ಸೀರೆ ಉಟ್ಟ ಅಮ್ಮ, ತೊಡೆ ಮೇಲೆ ಪೊರಕೆ. ಪಕ್ಕದಲ್ಲಿ ಕೂತಿದ್ದ ಗ್ರೀಕ್ ಅಜ್ಜಿ ಪೊರಕೆ ನೋಡಿದರು, ಅಮ್ಮನ ಮುಖ ನೋಡಿದರು, ಕೈ ಹಿಡಿದುಕೊಂಡರು. ಇಳಿಯುವವರೆಗೂ ಬಿಡಲಿಲ್ಲ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ. ಮಠದಲ್ಲಿ ಆ ಅಜ್ಜಿಯೇ ಮುಂದೆ ನಿಂತು ಪೊರಕೆ ಎಲ್ಲಿಡಬೇಕು ಅಂತ ತೋರಿಸಿದರು. ಮೂಲೆಯಲ್ಲಿ ಆಗಲೇ ನಾಲ್ಕೈದು ಇದ್ದವು. ಅಮ್ಮ ತಮ್ಮದನ್ನೂ ಒರಗಿಸಿ, ಸೆರಗು ಹೊದ್ದು ಮುಕ್ಕಾಲು ಗಂಟೆ ಕೂತರು.

ಮೂರನೇ ದಿನ ಗಾಳಿ ಎದ್ದು ಬೀಚಿನ ದೋಣಿಗಳು ಹೊರಡಲಿಲ್ಲ. ಬಂಡೆಗೋಡೆಯ ತೀರ ನೋಡಲಾಗಲಿಲ್ಲ, ಅದು ಬೇಜಾರು. ಪೆದಿಯಲ್ಲೇ ಈಜಿದೆವು. ಪಿತರೂದಿಯಾ ರೋಡ್ಸ್‌ನಲ್ಲಿ ಸಿಕ್ಕಿತು, ಮೊಟ್ಟೆ ಇಲ್ಲದ್ದೇ. ಅಮ್ಮ ಎರಡು ತಟ್ಟೆ ತಿಂದರು, ಮನೆಯಲ್ಲಿ ಈಗ ಆಂಬೊಡೆಗೆ ಪುದೀನ ಬೀಳುತ್ತಿದೆ.

ಹೊಸಬ_77

ಪೂರ್ತಿ ಓದಿದೆ. ನಮಗೆ ರಜೆ ಸಿಗುವುದು ಮೇ ತಿಂಗಳಲ್ಲಿ. ಹೋಗಬಹುದಾ?

ಉಪ್ಪುನೀರು

ಧಾರಾಳವಾಗಿ. ಗುಡ್ಡ ಹಸಿರಾಗಿರುತ್ತದೆ, ಕಾಡುಹೂವು ಇರುತ್ತದೆ, ನಡೆಯುವುದಕ್ಕೆ ಬಹಳ ಒಳ್ಳೆಯದು. ಸಮುದ್ರ ಮಾತ್ರ ಇನ್ನೂ ತಣ್ಣಗಿರುತ್ತದೆ, ಈಜುವ ಆಸೆ ಇದ್ದರೆ ತಿಂಗಳ ಕೊನೆಗೆ ಹೋಗಿ. ತುಂಗೆತೀರ ಅಕ್ಕ, ಆ ಬಂಡೆಗೋಡೆಗೆ ಇನ್ನೊಂದು ಸಲ ಬನ್ನಿ, ಮಗಳು ದೊಡ್ಡವಳಾಗುವುದರೊಳಗೆ.